ದ್ಯಾವಯ್ಯನ ಬದು

ಕನ್ನಂಬಾಡಿ ಕಟ್ಟೆ ತುಂಬಿತು ಅಂದರೆ ಇಡೀ ಜಿಲ್ಲೆ ಹಿಗ್ಗುತ್ತದೆ. ಗೇಟಿನಿಂದ ನೀರು ಧುಮುಕುವುದನ್ನು ಟೀವಿಯವರು ಬೆಳಗಿನಿಂದ ಸಂಜೆತನಕ ತೋರಿಸುತ್ತಾರೆ, ಜನ ಕಾರು ಮಾಡಿಕೊಂಡು ನೋಡಲು ಬರುತ್ತಾರೆ. ನಾನು ಮಾತ್ರ ಟೀವಿ ಆರಿಸಿಬಿಡುತ್ತೇನೆ. ಆ ನೀರು ಶ್ರೀರಂಗಪಟ್ಟಣಕ್ಕೆ ಬಂತೆಂದರೆ ನಮ್ಮ ಕೊಪ್ಪಲಿಗೂ ಬಂದಂತೆಯೇ. ಬಾಬುರಾಯನಕೊಪ್ಪಲಿನಲ್ಲಿ ಬಸ್ಸಿಳಿದು ಹೊಳೆ ಕಡೆ ನಡೆದರೆ ನಮ್ಮೂರು, ಊರು ದಾಟಿದರೆ ಕೊನೆಯ ಹೊಲ ನಮ್ಮದು. ಆ ಹೊಲದ ತುದಿಯಲ್ಲಿ ನನ್ನ ಗಂಡ ರವೀಂದ್ರನ ಗುಡ್ಡೆ ಇದೆ.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಅವರವರ ಹೊಲದಲ್ಲೇ ಮಣ್ಣು ಮಾಡಿ, ಮೇಲೆ ಗುಡ್ಡೆ ಕಟ್ಟಿ, ಹಾಲುತುಪ್ಪ ಬಿಡುತ್ತೇವೆ. ಕಬ್ಬಿನ ಲೋಡಿನ ಟ್ರಾಕ್ಟರು ಮಗುಚಿ ರವಿ ಹೋದಾಗ ಗುಡ್ಡೆಗೂ ಹೊಳೆಗೂ ನಡುವೆ ಎತ್ತಿನ ಗಾಡಿ ತಿರುಗಿಸುವಷ್ಟು ಜಾಗವಿತ್ತು. ಆಮೇಲೆ ಪ್ರತಿ ಮಳೆಗಾಲದಲ್ಲೂ ದಂಡೆ ಒಂದಿಷ್ಟು ಕುಸಿಯಿತು. ಈಗ ಗುಡ್ಡೆಯ ಕಾಲಿನ ಕಡೆ ನಿಂತು ಬಗ್ಗಿ ನೋಡಿದರೆ ನೀರೇ ಕಾಣುತ್ತದೆ.

ಹೊಳೆಯನ್ನು ಬೈದು ಏನೂ ಪ್ರಯೋಜನವಿಲ್ಲ. ದಂಡೆಯ ಬುಡದಿಂದ ಮರಳು ಎತ್ತಿ ಎತ್ತಿ ಸಡಿಲ ಮಾಡಿದವರು ನಾವೇ. ರವಿಯ ಟ್ರಾಕ್ಟರೂ ಹೋಗುತ್ತಿತ್ತು. ಇದರಲ್ಲಿ ಗುಟ್ಟೇನಿಲ್ಲ, ನಮ್ಮ ಮನೆಗೆ ತಾರಸಿ ಹಾಕಿಸಿದ್ದೇ ಆ ಮರಳಿನ ದುಡ್ಡಿನಲ್ಲಿ. ಮರಳು ಹೋಯಿತು, ದಂಡೆಯ ಬಿಲಗಳಲ್ಲಿ ಸಂಸಾರ ಮಾಡುತ್ತಿದ್ದ ನೀರುನಾಯಿಗಳು ಹೋದವು, ಮೀನು ಕಮ್ಮಿಯಾಯಿತು. ಹೊಲ ಜರಿಯಲು ಶುರುವಾದ ಮೇಲೆ ನಮಗೆ ಬುದ್ಧಿ ಬಂತು. ಪಕ್ಕದ ಹೊಲದ ಕರಿಯಪ್ಪ ಮಾವ ಮುಂದೆ ನಿಂತು ಹೊಳೆದಂಡೆ ಸಂಘ ಅಂತ ಕಟ್ಟಿದರು. ಪಾಂಡವಪುರದ ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವ ನಮ್ಮೂರ ಹುಡುಗಿ ಅಕ್ಷಿತಾ ಸಸಿ ಕೊಡಿಸುತ್ತೇನೆ ಅಂದಳು. ಬೆಳಿಗ್ಗೆ ಡೇರಿಯಲ್ಲಿ ಹಾಲು ಅಳೆದು ಮುಗಿಸಿದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಸೇರಿದವಳು ನಾನೇ.

ಆ ಮೊದಲ ವರ್ಷ ನಾವು ಮಾಡಿದ ಘನಕಾರ್ಯ ಹೇಳಬೇಕು.

ನಮ್ಮ ಕಡೆ ಗಂಡಸಿನ ಯೋಗ್ಯತೆಯನ್ನು ಅವನ ಗದ್ದೆಯ ಬದು ನೋಡಿ ಹೇಳುತ್ತಾರೆ. ನಾಟಿಗೆ ಮುಂಚೆ ಬದು ಕೆತ್ತಿ, ಒಂದು ಹುಲ್ಲುಕಡ್ಡಿ ಉಳಿಯದಂತೆ ನುಣ್ಣಗೆ ಮಾಡಿ, ಕೆಸರು ಮೆತ್ತಿದವನು ಒಕ್ಕಲುಮಗ. ಕೆತ್ತದವನು ಸೋಮಾರಿ. ಸಿಂಧಘಟ್ಟದಿಂದ ನನ್ನ ಮದುವೆ ಮಾತಿಗೆ ಬಂದ ನಮ್ಮಪ್ಪ ಮನೆಯೊಳಕ್ಕೆ ಕಾಲಿಡುವ ಮೊದಲು ಗದ್ದೆಗೆ ಹೋಗಿ ರವಿ ಕೆತ್ತಿದ ಬದು ನೋಡಿದರು, ಅಲ್ಲೇ ಒಪ್ಪಿಕೊಂಡರು. ಇಂಥ ಊರಿನವರಿಗೆ ಹೊಳೆದಂಡೆಯಲ್ಲಿ ಗಿಡ ನೆಡಿ ಅಂದರೆ ಏನು ಮಾಡುತ್ತಾರೆ? ಮೊದಲು ಕೆತ್ತುತ್ತಾರೆ. ಹೆಂಗಸರು ಕುಡುಗೋಲು, ನಮ್ಮ ಮಾತಿನ ಕುಡ್ಲು, ಹಿಡಿದು, ಗಂಡಸರು ಸನಿಕೆ ಹಿಡಿದು, ಸಾಲಾಗಿ ನಿಂತು ದಂಡೆಯ ಉದ್ದಕ್ಕೂ ಜೊಂಡು, ಲಕ್ಕಿ, ನೀರಂಚಿನಲ್ಲೇ ಹಬ್ಬುವ ನೀರಂಜಿ ಪೊದೆ, ಹೆಸರಿಲ್ಲದ ಬಳ್ಳಿ, ಎಲ್ಲವನ್ನೂ ಬುಡಸಮೇತ ಕಿತ್ತೆವು. ಸಸಿಗಳ ಜೊತೆ ಬಂದ ಅಕ್ಷಿತಾ ಬೋಳು ದಂಡೆಯನ್ನು ಆ ತುದಿಯಿಂದ ಈ ತುದಿಯತನಕ ನೋಡಿದಳು.

"ಇಷ್ಟೊಂದ್ ಕ್ಲೀನ್ ಮಾಡ್ಬುಟ್ರಾ ಮಾವ?" ಅಂದಳು.

"ಮತ್ತೇನಂದ್ಕಂಡೆ? ನಮ್ ಜನ ಕೆಲ್ಸಕ್ ನಿಂತ್ರೆ ಇಂಗೇ ಕಣವ್ವ!" ಎಂದು ಕರಿಯಪ್ಪ ಮಾವ ಮೀಸೆ ನೀವಿಕೊಂಡರು. ಅವಳು ಹೊಗಳಿದಳು ಅಂತ ನಾವೆಲ್ಲ ಅಂದುಕೊಂಡೆವು. ಸಾಲಾಗಿ ಹೊಂಗೆ, ನೇರಳೆ, ಅತ್ತಿ ನೆಟ್ಟು, ಸುತ್ತ ಬಿದಿರಿನ ತಡಿಕೆ ಕಟ್ಟಿ, ಸಂಘದ ಹೆಸರಿನ ಬೋರ್ಡು ನಿಲ್ಲಿಸಿ ಫೋಟೋ ತೆಗೆಸಿಕೊಂಡೆವು.

ಬರದೇ ಇದ್ದವನು ದ್ಯಾವಯ್ಯ ಒಬ್ಬನೇ. ಸೊಂಟ ಹಿಡಿದುಕೊಂಡಿದೆ ಅಂತ ಹೇಳಿಕಳಿಸಿದ. ಅವನ ಸೊಂಟ ಕೆಲಸವಿದ್ದ ದಿನವೆಲ್ಲ ಹಿಡಿದುಕೊಳ್ಳುತ್ತದೆ, ಹೋಟೆಲಿನ ಬೆಂಚಿನ ಮೇಲೆ ಕೂತಾಗ ಬಿಡುತ್ತದೆ. ಅವನ ಹೊಲದ ಹೊಳೆ ಕಡೆಯ ಬದು ಕುಡ್ಲು ಕಂಡು ಎಷ್ಟು ಕಾಲವಾಗಿತ್ತೋ. ಯಾರಾದರೂ ಗಡ್ಡ ಬಿಟ್ಟರೆ, ಹುಡುಗಿಯರು ತಲೆ ಬಾಚದೆ ಓಡಾಡಿದರೆ, "ಇದೇನ್ಲಾ ದ್ಯಾವಯ್ಯನ ಬದು" ಅನ್ನುವುದು ನಮ್ಮೂರಲ್ಲಿ ವಾಡಿಕೆ.

ಆಗಸ್ಟಿನಲ್ಲಿ ನೀರು ಬಿಟ್ಟರು. ಇಳಿದ ಮೇಲೆ ಹೋಗಿ ನೋಡಿದರೆ ಸಸಿಯೂ ಇಲ್ಲ, ತಡಿಕೆಯೂ ಇಲ್ಲ, ಬೋರ್ಡೂ ಇಲ್ಲ. ನಾವು ನುಣ್ಣಗೆ ಮಾಡಿದ್ದ ದಂಡೆಯನ್ನು ಹೊಳೆ ಚಾಕುವಿನಲ್ಲಿ ಕೊಯ್ದಂತೆ ಕೊಯ್ದುಕೊಂಡು ಹೋಗಿತ್ತು. ಎಲ್ಲರ ಹೊಲವೂ ಹಿಂದೆ ಸರಿದಿತ್ತು. ಮುಂದೆ ಚಾಚಿಕೊಂಡು ನಿಂತಿದ್ದದ್ದು ಒಂದೇ ಒಂದು ಹೊಲ. ಅಲ್ಲಿ ಜೊಂಡು ಕೆಸರು ಮೆತ್ತಿಕೊಂಡು ಮಲಗಿತ್ತು, ನೀರಂಜಿ ಬಾಗಿತ್ತು, ಆದರೆ ಮಣ್ಣು ಒಂದು ಹಿಡಿಯೂ ಅಲ್ಲಾಡಿರಲಿಲ್ಲ. ಅಕ್ಷಿತಾ ಬಗ್ಗಿ ಮಣ್ಣು ಬಗೆದು ತೋರಿಸಿದಳು. ಬೇರುಗಳು ಒಂದರೊಳಗೊಂದು ಹೆಣೆದುಕೊಂಡು ಚಾಪೆಯಂತಾಗಿದ್ದವು. ಪಕ್ಕದ ಕೆಸರಿನಲ್ಲಿ ನೀರುನಾಯಿಯ ಹೆಜ್ಜೆಯೂ ಇತ್ತು.

"ಅವತ್ತೇ ಏಳ್ಬೇಕಿತ್ತು ನಾನು. ನೀವೆಲ್ಲಾ ಅಷ್ಟ್ ಖುಷಿಲಿದ್ರಿ, ಬಾಯೇ ಬರ್ಲಿಲ್ಲ," ಅಂದಳು. ಪಾಪ, ಅವಳ ಮುಖ ಸಪ್ಪಗಾಗಿತ್ತು.

ಕರಿಯಪ್ಪ ಮಾವನಿಗೆ ಸೋಲು ಒಪ್ಪಿಕೊಳ್ಳಲು ಮನಸ್ಸಿಲ್ಲ. "ಲೇ ದ್ಯಾವಾ, ಏನ್ಲಾ ಮಾಡ್ದೆ ನೀನು ಇದ್ಕೆ?" ಅಂತ ಗದರಿದರು.

"ಏನೂ ಮಾಡ್ನಿಲ್ಲ ಕಣಣ್ಣೋ," ಎಂದ ದ್ಯಾವಯ್ಯ, ಎದೆ ಉಬ್ಬಿಸಿ. "ಎಲ್ರ ಕೈಲೂ ಆಗಕಿಲ್ಲ ಅದು."

ಹೀಗೆ ಊರಿಗೇ ಗುರುವಾದ ದ್ಯಾವಯ್ಯ. ಶಿವರಾತ್ರಿ ಕಳೆದ ಮೇಲೆ ಅವನ ಬದುವಿನಿಂದಲೇ ನೀರಂಜಿ, ಲಕ್ಕಿ ಕಡ್ಡಿ ಕತ್ತರಿಸಿ, ಜೊಂಡಿನ ಗೆಡ್ಡೆ ಕಿತ್ತು, ಎಲ್ಲರ ದಂಡೆಗೂ ನೆಡುವ ಕೆಲಸ ಶುರುವಾಯಿತು. ಅವನು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, "ಅಂಗಲ್ಲ ಕಣ್ಲಾ, ಇಂಗೆ" ಅನ್ನುತ್ತಿದ್ದ. ಹೊಳೆ ಕಡೆಯ ಬದುವಿಗೆ ಇನ್ನು ಮೇಲೆ ಯಾರೂ ಕುಡ್ಲು ಹಾಕಬಾರದು ಅಂತ ಸಂಘದಲ್ಲಿ ತೀರ್ಮಾನವಾಯಿತು. ಆ ತೀರ್ಮಾನ ಓದಿದ ಕರಿಯಪ್ಪ ಮಾವನೇ ಒಂದು ಬೆಳಿಗ್ಗೆ ತಮ್ಮ ದಂಡೆಯಲ್ಲಿ ಕುಡ್ಲು ಸಮೇತ ನನ್ನ ಕೈಗೆ ಸಿಕ್ಕಿಬಿದ್ದರು. "ಕೈ ಕಡೀತದೆ ಕಣವ್ವಾ, ಏನ್ ಮಾಡಾನ?" ಅಂದು ಮಕ್ಕಳಂತೆ ತಲೆ ತಗ್ಗಿಸಿದರು. ನಾನು ನಕ್ಕುಬಿಟ್ಟೆ. ಆದರೆ ಮನೆಗೆ ಬರುವಷ್ಟರಲ್ಲಿ ನಗು ಹೋಗಿತ್ತು. ಯಾಕೆಂದರೆ ಅವತ್ತು ಸೋಮವಾರ.

ಪ್ರತಿ ಸೋಮವಾರ ನಮ್ಮ ಅತ್ತೆ ಯಶೋದಮ್ಮ ಮಗನ ಗುಡ್ಡೆಗೆ ಹೋಗುತ್ತಾರೆ. ಗುಡ್ಡೆಯನ್ನು, ಅದರ ಸುತ್ತಲಿನ ಜಾಗವನ್ನು, ಮುಂದಿನ ದಂಡೆಯನ್ನು ನೀರಿನ ಅಂಚಿನತನಕ ಕೆತ್ತುತ್ತಾರೆ. ಚಿಗುರು, ಮೊಳಕೆ, ಏನನ್ನೂ ಬಿಡುವುದಿಲ್ಲ. ಆಮೇಲೆ ಸಗಣಿ ನೀರು ಹಾಕಿ ಸಾರಿಸಿ, ಅರಿಸಿನ ಕುಂಕುಮ ಇಟ್ಟು, ಒಂದಿಷ್ಟು ಹೊತ್ತು ಕೂತು ಬರುತ್ತಾರೆ. ಮಗ ಇದ್ದಾಗ ಅವನ ಅಂಗಿಯ ಕಾಲರು ಉಜ್ಜುತ್ತಿದ್ದ ಕೈ ಅದು. ಅದಕ್ಕೆ ಬೇರೆ ಕೆಲಸ ಬೇಕಿತ್ತು.

ಇಡೀ ದಂಡೆಯಲ್ಲಿ ಹೊಳೆ ಎಲ್ಲಕ್ಕಿಂತ ಹೆಚ್ಚು ತಿಂದದ್ದು ನಮ್ಮ ಜಾಗವನ್ನೇ ಯಾಕೆ ಅನ್ನುವುದು ಈಗ ಎಲ್ಲರಿಗೂ ಗೊತ್ತಾಗಿತ್ತು. ಆದರೆ ಹೆತ್ತ ತಾಯಿಗೆ ಮಗನ ಗುಡ್ಡೆ ಗುಡಿಸಬೇಡ ಅಂತ ಯಾರು ಹೇಳುತ್ತಾರೆ? ಸಂಘದ ಸಭೆಯಲ್ಲಿ ನಮ್ಮ ಹೊಲದ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನಾದರೂ ಯಾವ ಬಾಯಲ್ಲಿ ಹೇಳಲಿ?

ಕಳ್ಳಿಯ ಹಾಗೆ ಒಂದು ಮಧ್ಯಾಹ್ನ ಹೋಗಿ ಗುಡ್ಡೆಯ ಕಾಲಿನ ಕಡೆ ನೀರಂಜಿ ಕಡ್ಡಿ ಊರಿ ಬಂದೆ. ಮುಂದಿನ ಸೋಮವಾರ ಕಳೆದ ಮೇಲೆ ನೋಡಿದರೆ ಅವು ಪಕ್ಕದಲ್ಲಿ ಒಪ್ಪವಾಗಿ ರಾಶಿ ಬಿದ್ದಿದ್ದವು, ಬಿಸಿಲಿಗೆ ಒಣಗಿ. ಮತ್ತೆ ನೆಟ್ಟೆ. ಮತ್ತೆ ಕಿತ್ತರು. ಒಂದು ಸಂಜೆ ಮುದ್ದೆ ಮುರಿಯುತ್ತಾ ಅತ್ತೆ ತಾವಾಗಿಯೇ ಹೇಳಿದರು: "ಅದೇನ್ ಕಳೆನೋ ಕಣೆ ಶ್ವೇತ, ಕಿತ್ತಷ್ಟೂ ಬತ್ತದೆ. ನನ್ ಮಗುನ್ ಕಾಲ್ತವೇ ಬತ್ತದೆ." ನಾನು ತಟ್ಟೆ ದೂರ ಸರಿಸಿದೆ. ಮಗಳು ಅನು, "ಯಾಕಮ್ಮ ಊಟ ಬಿಟ್ಟೆ?" ಅಂದಳು. ಸುಮ್ಮನೆ ರೇಗಿದೆ ಅವಳ ಮೇಲೆ.

ಮೇ ತಿಂಗಳು ಬಂತು. ಕೊಡಗಿನಲ್ಲಿ ಮಳೆ ಅಂತ ಫೋನಿನಲ್ಲಿ ಬಂದ ಸುದ್ದಿಯನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಡೇರಿಯಲ್ಲಿ ಒಬ್ಬರ ಹಾಲನ್ನು ಇನ್ನೊಬ್ಬರ ಲೆಕ್ಕಕ್ಕೆ ಹಾಕಿ ಬೈಸಿಕೊಂಡೆ. ಗುಡ್ಡೆ ಎತ್ತಿ ಮೇಲಿನ ಹೊಲಕ್ಕೆ ಇಟ್ಟುಬಿಡೋಣ ಅಂತ ಕರಿಯಪ್ಪ ಮಾವ ಒಂದು ದಾರಿ ಹೇಳಿದರು. ಆ ಮಾತನ್ನೇ ನೆಪ ಮಾಡಿಕೊಂಡು ಸೋಮವಾರ ಅತ್ತೆಯ ಹಿಂದೆಯೇ ಹೋದೆ. ಆಗಲೇ ಅರ್ಧ ಕೆತ್ತಿದ್ದರು.

"ಅತ್ತೆಮ್ಮ, ಕರಿಯಪ್ಪ ಮಾವ ಒಂದ್ ಮಾತ್ ಏಳುದ್ರು. ಗುಡ್ಡೇನ ಮ್ಯಾಲಿನ್ ಒಲಕ್ಕೆ..."

ಪೂರ್ತಿ ಹೇಳಲು ಬಿಡಲಿಲ್ಲ. "ಒಂದ್ಸಲ ಮಣ್ ಮಾಡಿದ್ದೀನಿ ನನ್ ಮಗುನ್ನ. ಸಾಲ್ದಾ? ಮುಟ್ಕೂಡ್ದು ಯಾರೂ."

"ಅಂಗಾದ್ರೆ ಕೆತ್ತದಾದ್ರೂ ಬುಡಿ."

ಕುಡ್ಲು ನಿಂತಿತು. ತಿರುಗಿ ನನ್ನ ಮುಖ ನೋಡಿದರು. "ಏನಂದೆ? ಗುಡ್ಡೆ ಮ್ಯಾಲೆ ಕಳೆ ಬೆಳುಸ್ಬೇಕಾ? ನೋಡ್ದೋರು ಏನಂದಾರು? ಈ ಮನೇಲಿ ಇವುನ್ಗೆ ಯಾರೂ ದಿಕ್ಕಿಲ್ವಾ, ಎಂಡ್ತಿ ಮರ್ತ್‌ಬುಟ್ಲಾ, ಅವ್ವ ಸತ್ತೋದ್ಲಾ ಅನ್ನಕಿಲ್ವಾ?"

"ಅನ್ಲಿ."

"ನಿಂಗೇನ್ ಬುಡು. ನೀನ್ ಒಂಬತ್ ತಿಂಗ್ಳು ಒತ್ತು ಎತ್ತಿದ್ಯಾ?"

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ನಾನೂ ಸಿಂಧಘಟ್ಟದವಳು, ಬಾಯಿ ಇದೆ. "ಈ ಕಡ್ಡಿ ನೆಟ್ಟಿದ್ ನಾನು. ನೀವು ಕಿತ್ತಾಕಿದ್ದು. ಕೆತ್ತೀ ಕೆತ್ತೀ ಅವ್ರುನ್ನ ಒಳೆಗೆ ನೂಕ್ತಾ ಇರೋರು ನೀವೇ ಅತ್ತೆಮ್ಮ, ಒಳೆ ಅಲ್ಲ. ನೋಡಿ ಬೇಕಾರೆ," ಎಂದು ಅವರ ಕೈ ಹಿಡಿದು ಎಳೆದು ತೋರಿಸಿದೆ. ಗುಡ್ಡೆಯ ಕಾಲಿಗೂ ಅಂಚಿಗೂ ನಡುವೆ, ಸಗಣಿ ಸಾರಿಸಿದ ನುಣುಪಾದ ನೆಲದಲ್ಲಿ, ಉದ್ದಕ್ಕೆ ಬಿರುಕು ಬಿಟ್ಟಿತ್ತು. ಅಷ್ಟು ಶುಭ್ರವಾಗಿದ್ದ ನೆಲವಾದ್ದರಿಂದ ಬಿರುಕು ಸ್ಪಷ್ಟವಾಗಿ ಕಾಣುತ್ತಿತ್ತು.

ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಕುಡ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದರು. ಕೊಟ್ಟಿಗೆಯ ಸೂರಿಗೆ ಕುಡ್ಲು ಸಿಕ್ಕಿಸಿದವರು ಆಮೇಲೆ ಅದನ್ನು ಮುಟ್ಟಲಿಲ್ಲ. ನನ್ನ ಜೊತೆ ಮಾತು ಬಿಟ್ಟರು. ಸೋಮವಾರ ಬಂದರೆ ಜಗಲಿಯ ಮೇಲೆ ಕೂತು, ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಬೀದಿ ನೋಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಾಯಿಗೂ ಮಗನಿಗೂ ನಡುವೆ ಇದ್ದ ಒಂದೇ ಒಂದು ಕೆಲಸವನ್ನು ನಾನು ಕಿತ್ತುಕೊಂಡಿದ್ದೆ, ಅದು ಸರಿ ಅಂತ ಗೊತ್ತಿದ್ದೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ನಮ್ಮ ದಂಡೆಗೆ ನೆಡುವ ದಿನ ಊರವರೆಲ್ಲ ಬಂದರು. ದ್ಯಾವಯ್ಯ ತಾನೇ ನೀರಂಜಿ ಕಡ್ಡಿಯ ಹೊರೆ ಹೊತ್ತು ತಂದ. ಅವನ ತಲೆಯ ಮೇಲೆ ಹೊರೆ ಕಂಡು ಕರಿಯಪ್ಪ ಮಾವ ತಮಾಷೆ ಮಾಡಲು ಬಾಯಿ ತೆರೆದವರು ಗುಡ್ಡೆ ನೋಡಿ ಹೊರೆ ಇಳಿಸಲು ಕೈ ಕೊಟ್ಟರು. ಬಿರುಕಿನ ಆಚೆ ಈಚೆ ಒತ್ತೊತ್ತಾಗಿ ಊರಿದೆವು. ಗುಡ್ಡೆಯ ಮೇಲೆ ನೆಡಲು ಯಾರಿಗೂ ಕೈ ಬರಲಿಲ್ಲ. ಅದನ್ನು ನಾನೇ ಮಾಡಿದೆ.

ಕಡ್ಡಿಗಳು ಚಿಗುರಿ ಮೊಣಕಾಲಿನ ಎತ್ತರ ಆಗಿದ್ದವು, ಅಷ್ಟರಲ್ಲಿ ಕಟ್ಟೆ ತುಂಬಿತು. ಜುಲೈ ತಿಂಗಳ ಒಂದು ಬೆಳಿಗ್ಗೆ ಮೈಕು ಕಟ್ಟಿದ ಜೀಪು ಊರಲ್ಲಿ ತಿರುಗಿ, ಹೊಳೆ ಕಡೆ ಹೋಗಬೇಡಿ ಅಂತ ಕೂಗಿತು. ನಾನು ಡೇರಿಯ ಕ್ಯಾನನ್ನು ಹಾಗೇ ಬಿಟ್ಟು ಹೊಳೆ ಕಡೆಗೇ ಓಡಿದೆ. ಊರೆಲ್ಲ ಅಲ್ಲೇ ಇತ್ತು. ಕೆಂಪು ನೀರು ಸುತ್ತಿಕೊಂಡು ಸುತ್ತಿಕೊಂಡು ಬರುತ್ತಿತ್ತು. ನೋಡನೋಡುತ್ತಲೇ ನಮ್ಮ ನೀರಂಜಿಗಳ ತಲೆ ಮುಳುಗಿತು. ಗುಡ್ಡೆಯ ಕಾಲಿನ ಕಡೆ ಮಣ್ಣು ಕಳಚಿ ಬಿದ್ದ ಸದ್ದು ಕೇಳಿಸಿತು. ನಾನು ಜೋರಾಗಿ ಅತ್ತುಬಿಟ್ಟೆ.

ಪಕ್ಕದಲ್ಲಿದ್ದ ಕುಳ್ಳಮ್ಮ ಸಮಾಧಾನ ಹೇಳಿದಳು. ಊರಿನ ಹಿರಿಯ ಮುದುಕಿ, ಯಾವ ಹೊತ್ತಿಗೂ ಒಂದು ಮಾತು ಇಟ್ಟುಕೊಂಡಿರುತ್ತಾಳೆ. "ಅಳಬ್ಯಾಡ ಕಣವ್ವ. ಓದ್ರೆ ಕಾವೇರವ್ವನ್ ಮಡ್ಲಿಗ್ ತಾನೆ ಓಗದು? ಎಲ್ಲೆಲ್ಲಿಂದ್ಲೋ ಬೂದಿ ತಂದು ಇಲ್ ಬುಡ್ತಾರೆ. ಪುಣ್ಯ ಅದು."

ಅವಳ ಬಾಯಿಗೆ ಆ ಕೆಂಪು ಕೆಸರನ್ನೇ ತುಂಬೋಣ ಅನ್ನಿಸಿತು ನನಗೆ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. ಅತ್ತೆ ಯಾವಾಗ ಬಂದು ನಿಂತಿದ್ದರೋ.

"ಬೂದಿ ಬುಡೋರು ಬುಟ್ಬುಟ್ಟು ಬಸ್ ಅತ್ಕಂಡ್ ಓಯ್ತಾರೆ ಕುಳ್ಳಮ್ಮ," ಅಂದರು. "ನಾನ್ ಎಲ್ಲಿಗ್ ಓಗ್ಲಿ?"

ಅತ್ತೆ ನನ್ನ ಪಕ್ಕ ಬಂದು ನಿಂತರು. ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡರು. ನೀರು ಇಳಿಯುವತನಕ ಮನೆಯಲ್ಲಿ ಇಬ್ಬರೂ ನೆಟ್ಟಗೆ ಊಟ ಮಾಡಲಿಲ್ಲ, ನೆಟ್ಟಗೆ ಮಲಗಲಿಲ್ಲ. ಒಬ್ಬರು ಎದ್ದು ಹಿತ್ತಲಿಗೆ ಹೋದರೆ ಇನ್ನೊಬ್ಬರು ಎದ್ದು ಕೂರುವುದು, ಹೀಗೆ.

ನೀರು ಇಳಿದ ದಿನ ಇಬ್ಬರೂ ಹೋದೆವು. ಗುಡ್ಡೆಯ ಕಾಲಿನ ಕಡೆ ಮೊರದಗಲದ ತುಂಡು ಹೋಗಿತ್ತು. ಉಳಿದದ್ದು ಇತ್ತು. ಮಣ್ಣು ಕಳಚಿದ ಕಡೆ ನೀರಂಜಿಯ ಎಳೆ ಬೇರುಗಳು ಹೊರಕ್ಕೆ ಇಳಿಬಿದ್ದು, ಉಳಿದ ಮಣ್ಣನ್ನು ಕಚ್ಚಿ ಹಿಡಿದಿದ್ದವು. ಗಿಡಗಳು ಒಂದೇ ಕಡೆಗೆ ಮಲಗಿ, ಮೈಯೆಲ್ಲ ಕೆಸರು. ಅತ್ತೆ ಒಂದೊಂದನ್ನೇ ಎತ್ತಿ ನಿಲ್ಲಿಸಲು ನೋಡಿದರು. "ಬುಡಿ ಅತ್ತೆಮ್ಮ, ತಾವೇ ಏಳ್ತವೆ," ಅಂದೆ. ಅಲ್ಲಿಂದಾಚೆ ಮಾತು ಶುರುವಾಯಿತು, ಉಪ್ಪು ಹುಳಿ ಖಾರದಷ್ಟು ಮಾತ್ರ.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಅಲ್ಲಿ ಕಾಡೇ ಆಗಿತ್ತು. ಲಕ್ಕಿ ಸೊಂಟದ ಮಟ್ಟ, ಜೊಂಡು ಅದಕ್ಕಿಂತ ಎತ್ತರ. ಗುಡ್ಡೆ ಎಲ್ಲಿ ಅಂತ ಹುಡುಕಬೇಕಾಗಿತ್ತು. ಎಡೆ ಇಡುವ ದಿನ ಬೆಳಿಗ್ಗೆ ಬಾಡು ಬೇಯಿಸಿ, ಮುದ್ದೆ ತೊಳಸಿ, ಬುಟ್ಟಿಗೆ ಜೋಡಿಸಿಕೊಂಡು ಹೊರಟೆವು. ಹೊರಡುವಾಗ ಅತ್ತೆ ಕೊಟ್ಟಿಗೆಗೆ ಹೋಗಿ ಸೂರಿನಿಂದ ಕುಡ್ಲು ತೆಗೆದುಕೊಂಡರು. ವರ್ಷಕ್ಕೊಮ್ಮೆ ಬರುವ ಹಬ್ಬ, ಮಗನ ಎಡೆ, ಊರೆಲ್ಲ ಹೊಲದಲ್ಲಿರುವ ದಿನ. ಕೆತ್ತಬೇಡಿ ಅಂತ ಇನ್ನೊಂದು ಸಲ ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ದಾರಿಯುದ್ದಕ್ಕೂ ಆ ಕುಡ್ಲನ್ನೇ ನೋಡುತ್ತಾ ನಡೆದೆ.

ಅತ್ತೆ ಕುಡ್ಲಿನಿಂದ ಮೇಲಿನ ಹೊಲದ ಬಾಳೆಯ ಎಲೆ ಕೊಯ್ದರು. ಲಕ್ಕಿಯನ್ನು ಎರಡೂ ಕೈಯಿಂದ ಬಗೆದು ಒಳಗೆ ನುಗ್ಗಿ, ಗುಡ್ಡೆಯ ತಲೆಯ ಕಡೆ ಎಲೆ ಹಾಸಿ, ಎಡೆ ಬಡಿಸಿದರು. ಪಕ್ಕದಲ್ಲಿ ಮಗನಿಗೆಂದು ಚೊಂಬಿನಲ್ಲಿ ನೀರು ಇಟ್ಟರು. ನಾನು ಗಂಧದಕಡ್ಡಿ ಹಚ್ಚಿದೆ.

ಅದೇ ಹೊತ್ತಿಗೆ ಕುಳ್ಳಮ್ಮ ತಮ್ಮ ಹೊಲದ ಎಡೆ ಮುಗಿಸಿ ದಾರಿಯಲ್ಲಿ ಹೋಗುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಕೂಗಿಯೇಬಿಟ್ಟಳು: "ಇದೇನ್ ಯಶೋದಮ್ಮ, ಮಗುನ್ ಗುಡ್ಡೆ ಇಂಗ್ ಕಾಡ್ ಮಾಡ್ಕಂಡಿದ್ದೀಯೆ?"

ಯಾವ ಮಾತಿಗೆ ಅತ್ತೆ ಇಷ್ಟು ವರ್ಷ ಹೆದರಿದ್ದರೋ ಅದೇ ಮಾತು. ನಾನು ಉತ್ತರ ಕೊಡಲು ಎದ್ದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು.

"ಊ ಕಣವ್ವ," ಎಂದು ಗಟ್ಟಿಯಾಗಿ ಹೇಳಿದರು. "ದ್ಯಾವಯ್ಯನ ಬದು ಮಾಡಿದ್ದೀನಿ."

ಕುಳ್ಳಮ್ಮ ಗೊಣಗಿಕೊಂಡು ಹೋದಳು. ನಾವು ಕೂತೆವು. ಅತ್ತೆ ಏನನ್ನೋ ಯೋಚಿಸುತ್ತಾ ಎಡೆಯನ್ನೇ ನೋಡುತ್ತಿದ್ದರು. ಅವರ ಬಲಗೈ ಮಾತ್ರ ತನ್ನ ಪಾಡಿಗೆ ತಾನು ನೆಲ ತಡವಿ, ಒಂದು ನೀರಂಜಿ ಸಸಿಯ ಬುಡ ಹಿಡಿದು, ಎಳೆದು, ಕಿತ್ತಿತು. ಕಿತ್ತ ಮೇಲೆ ಅವರಿಗೆ ಎಚ್ಚರವಾಯಿತು. ಬೇರಿನ ತುಂಬ ಗುಡ್ಡೆಯ ಮಣ್ಣು ಅಂಟಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾ ಕೂತರು.

ಅತ್ತೆ ಕುಡ್ಲಿನ ತುದಿಯಿಂದ ಅದೇ ಜಾಗದಲ್ಲಿ ಗುಂಡಿ ತೋಡಿದರು. ಸಸಿಯನ್ನು ಇಳಿಸಿ, ಸುತ್ತ ಮಣ್ಣೆಳೆದು, ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಮಗನಿಗೆಂದು ಇಟ್ಟಿದ್ದ ಚೊಂಬು ಎತ್ತಿಕೊಂಡು, ಇದ್ದ ನೀರನ್ನೆಲ್ಲ ಅದರ ಬುಡಕ್ಕೆ ಹೊಯ್ದರು.

"ಸಾಲ್ದು ಕಣೆ," ಅಂದರು, ಚೊಂಬು ನನ್ನ ಕಡೆ ಚಾಚಿ. "ಇನ್ನೊಂದ್ ಚೊಂಬು ತತ್ತಾ."

ನಾನು ಲಕ್ಕಿ ಗಿಡಗಳನ್ನು ಹಿಡಿದುಕೊಂಡು ಹೊಳೆಗೆ ಇಳಿದೆ.